ಹೆಸರು ತಪ್ಪಿದ ದೈತ್ಯ ಆಮೆ

ಜಗತ್ತಿನ ಅತ್ಯಂತ ಅಪರೂಪದ ಆಮೆ ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕಡಲಾಮೆಯ ಕಡೆಗೆ ಬೆರಳು ತೋರಿಸುತ್ತಾರೆ. ಆದರೆ ಆ ಸ್ಥಾನ ಚೀನಾ ಮತ್ತು ವಿಯೆಟ್ನಾಂನ ನದಿ, ಕೆರೆಗಳಲ್ಲಿ ಬದುಕಿದ್ದ ಒಂದು ದೈತ್ಯ ಆಮೆಯದ್ದು. ಇದಕ್ಕೆ ಕಲ್ಲಿನಂತಹ ಚಿಪ್ಪಿಲ್ಲ, ಬೆನ್ನ ಮೇಲೆ ಚರ್ಮದ ಹೊದಿಕೆಯಿದೆ. ಮೂತಿ ಹಂದಿಯದರಂತೆ. ತೂಕ ಒಂದೂವರೆ ಕ್ವಿಂಟಾಲನ್ನೂ ಮೀರಬಲ್ಲದು. ವೈಜ್ಞಾನಿಕ ಹೆಸರು ರಫೆಟಸ್ ಸ್ವಿನ್‌ಹೋಯಿ.

ಹೆಸರಿನ ಎರಡನೆಯ ಭಾಗ ಚೀನಾದಲ್ಲಿದ್ದ ಬ್ರಿಟಿಷ್ ಅಧಿಕಾರಿ ರಾಬರ್ಟ್ ಸ್ವಿನ್‌ಹೋ ಅವರಿಂದ ಬಂದದ್ದು. 1873ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಈ ಆಮೆಯನ್ನು ಮೊದಲು ವಿವರಿಸಿದರು. ಮೊದಲ ಭಾಗದ ಕಥೆ ಇನ್ನೂ ಸ್ವಾರಸ್ಯಕರ. ಇರಾಕಿನ ಫುರಾತ್ (ಯೂಫ್ರೆಟಿಸ್) ನದಿಯಲ್ಲಿರುವ ಮೃದುಚಿಪ್ಪಿನ ಆಮೆಯನ್ನು ಅಲ್ಲಿನವರು ‘ರಫಶ್’ ಎನ್ನುತ್ತಾರೆ. ಕುಲದ ಹೆಸರು ಬಂದದ್ದು ಅದರಿಂದ. ಅರಬಿ ಕಲಿತವರು ಆಮೆಗೆ ‘ಸುಲಹ್‌ಫಾತ್’ ಎಂದು ಓದಿರುತ್ತಾರೆ; ರಫಶ್ ಎಂಬ ಅಕ್ಷರಗಳನ್ನು ಕಂಡರೆ ಅವರಿಗೆ ಸಲಿಕೆ ನೆನಪಾದೀತು! ಈ ಕುಲದಲ್ಲಿ ಈಗ ಇರುವುದು ಎರಡೇ ಪ್ರಭೇದಗಳು. ಒಂದು ಇರಾಕ್ ಕಡೆಯದು, ಇನ್ನೊಂದು ಸಾವಿರಾರು ಮೈಲಿ ದೂರದ ಈ ಚೀನೀ ದೈತ್ಯ.

ಆಮೆಗೆ ಯಾವ ಹೆಸರಾದರೇನು, ಅದು ವಿದ್ವಾಂಸರ ಚರ್ಚೆಯಲ್ಲವೇ ಎಂದು ನೀವು ಕೇಳಬಹುದು. ಏನಾಯಿತು ನೋಡಿ. ಇಪ್ಪತ್ತನೆಯ ಶತಮಾನದ ಬಹುಭಾಗ ಚೀನಾದಲ್ಲಿ ಇದನ್ನು ಪ್ರತ್ಯೇಕ ಪ್ರಭೇದವೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮ್ಯೂಸಿಯಂಗಳಲ್ಲಿ ಇದರ ಮೇಲೆ ‘ಪೆಲೊಚೆಲಿಸ್’ ಎಂಬ ಬೇರೆಯೇ ಆಮೆಯ ಚೀಟಿ ಅಂಟಿಸಲಾಗಿತ್ತು. ಚಾಂಗ್ಶಾ ಮೃಗಾಲಯದಲ್ಲಿ ಒಂದು ಹೆಣ್ಣು ಸುಮಾರು ಐವತ್ತು ವರ್ಷ ಕಳೆಯಿತು. ಅದು ಏನೆಂಬುದು ಗೊತ್ತಾದದ್ದು 2007ರಲ್ಲಿ! ಸುಝೌ ಮೃಗಾಲಯದಲ್ಲಿ ನೂರು ವರ್ಷದ ಆಸುಪಾಸಿನ ಒಂದು ಗಂಡಿತ್ತು. 2008ರ ಮೇ ತಿಂಗಳಲ್ಲಿ ಇವೆರಡನ್ನೂ ಜೊತೆಗೂಡಿಸಿದರು. ಹೆಣ್ಣು ಪ್ರತಿವರ್ಷ ಮೊಟ್ಟೆಯಿಟ್ಟಿತು, ಒಂದೂ ಒಡೆದು ಮರಿಯಾಗಲಿಲ್ಲ. ಹಿಂದೆಂದೋ ಇನ್ನೊಂದು ಗಂಡಿನೊಡನೆ ನಡೆದ ಕಾದಾಟದಲ್ಲಿ ಈ ಗಂಡಿನ ಜನನಾಂಗಕ್ಕೆ ಹಾನಿಯಾಗಿತ್ತೆಂದು ಆಮೇಲೆ ತಿಳಿಯಿತು. ಕೃತಕ ಗರ್ಭಧಾರಣೆಯೂ ಫಲಿಸಲಿಲ್ಲ. ಐದನೆಯ ಪ್ರಯತ್ನದ ಮರುದಿನ, 2019ರ ಏಪ್ರಿಲ್ 13ರಂದು, ಹೆಣ್ಣು ಸತ್ತಿತು. ಮೂವತ್ತು ವರ್ಷ ಮೊದಲೇ ಗುರುತು ಸಿಕ್ಕಿದ್ದರೆ?

ವಿಯೆಟ್ನಾಂನಲ್ಲಿ ಗೊಂದಲ ಬೇರೆ ಬಗೆಯದು. ರಾಜಧಾನಿ ಹನೋಯ್‌ನ ಹೃದಯಭಾಗದಲ್ಲಿ ಹೋಆನ್ ಕಿಯೆಮ್ ಸರೋವರವಿದೆ. ಹದಿನೈದನೆಯ ಶತಮಾನದ ದೊರೆ ಲೆ ಲೋಯ್‌ನ ಖಡ್ಗವನ್ನು ಇಲ್ಲಿನ ಆಮೆ ಮರಳಿ ಪಡೆಯಿತೆಂಬುದು ಅಲ್ಲಿನ ಜನಪ್ರಿಯ ದಂತಕಥೆ. ಆ ಸರೋವರದ ಆಮೆ ಬೇರೆಯೇ ಪ್ರಭೇದವೆಂದು ಪ್ರೊಫೆಸರ್ ಹಾ ಡಿನ್ ಡುಕ್ 2000ರಲ್ಲಿ ದೊರೆಯ ಹೆಸರನ್ನೇ ಸೇರಿಸಿ ‘ರಫೆಟಸ್ ಲೆಲೋಯಿ’ ಎಂದು ಕರೆದರು. ಹೆಚ್ಚಿನ ತಜ್ಞರು ಇದನ್ನು ಒಪ್ಪಲಿಲ್ಲ. ವಯಸ್ಸಾದಂತೆ ತಲೆಯ ಬಣ್ಣ, ಮೈಯ ಆಕಾರ ಬದಲಾಗುವುದು ಸಹಜ, ಇವು ಒಂದೇ ಪ್ರಭೇದ ಎಂಬುದು ಅವರ ನಿಲುವು. ನಾಡಿನ ಅಭಿಮಾನ ತಪ್ಪಲ್ಲ, ಆದರೆ ಪ್ರಭೇದ ಬೇರೆಯೆಂದಾದರೆ ಚೀನಾದ ಗಂಡಿಗೆ ವಿಯೆಟ್ನಾಂನಲ್ಲಿ ಜೋಡಿ ಹುಡುಕುವ ಮಾತೇ ಉಳಿಯುವುದಿಲ್ಲವಲ್ಲ.

2011ರಲ್ಲಿ ಹುಣ್ಣಿಗೆ ಚಿಕಿತ್ಸೆ ನೀಡಲು ಹಿಡಿದಾಗ ಸರೋವರದ ಆ ಆಮೆ 169 ಕಿಲೋ ತೂಗಿತು. 2016ರ ಜನವರಿಯಲ್ಲಿ ಅದೂ ಸತ್ತಿತು. ಹನೋಯ್ ಬಳಿಯ ಡೊಂಗ್ ಮೋ ಕೆರೆಯಲ್ಲಿ 2020ರಲ್ಲಿ ಹಿಡಿದ 86 ಕಿಲೋದ ಆಮೆ ಹೆಣ್ಣೆಂದು ತಿಳಿದಾಗ ಎಲ್ಲರಲ್ಲೂ ಆಸೆ ಚಿಗುರಿತು. 2023ರ ಏಪ್ರಿಲ್‌ನಲ್ಲಿ ಅದರ ಶವ ನೀರಿನಲ್ಲಿ ತೇಲಿತು. ಆಗ ಖಚಿತವಾಗಿ ಉಳಿದಿದ್ದುದು ಸುಝೌನ ಆ ಮುದಿ ಗಂಡು ಮಾತ್ರ.

ಅಂದ ಹಾಗೆ, ಆ ತಪ್ಪು ಚೀಟಿಯಲ್ಲಿದ್ದ ಪೆಲೊಚೆಲಿಸ್ ನಮಗೆ ಅಪರಿಚಿತವೇನಲ್ಲ. ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿನಲ್ಲಿ ಕಡಲು ಸೇರುವ ಚಂದ್ರಗಿರಿ ಹೊಳೆಯಲ್ಲಿ ಆ ಕುಲದ ದೈತ್ಯ ಆಮೆಯಿದೆ. ಭಾರತದಿಂದ ನ್ಯೂಗಿನಿಯವರೆಗಿನ ಆಮೆಗಳೆಲ್ಲ ಒಂದೇ ಎಂದು ಬಹುಕಾಲ ನಂಬಲಾಗಿತ್ತು. 1995ರಲ್ಲಿ ನಮ್ಮ ಕಡೆಯದನ್ನು ‘ಪೆಲೊಚೆಲಿಸ್ ಕ್ಯಾಂಟೊರೈ’ ಎಂದು ಮತ್ತೆ ಬೇರೆ ಮಾಡಿದರು. ಇದೂ ಅಳಿವಿನಂಚಿನಲ್ಲಿದೆ. ಆದರೆ ಚಂದ್ರಗಿರಿಯ ದಡದ ಜನರು ಕೊಟ್ಟ ಸುಳಿವಿನಿಂದ ಸಂಶೋಧಕರಿಗೆ ಅದರ ಗೂಡು ಸಿಕ್ಕಿತು. ನೆರೆನೀರು ನುಗ್ಗಿದ ಗೂಡುಗಳಿಂದ ಎತ್ತಿ ಉಳಿಸಿದ ಮೊಟ್ಟೆಗಳು ಒಡೆದು ಮರಿಗಳಾದವು. ಅವುಗಳನ್ನು ಅದೇ ಹೊಳೆಗೆ ಬಿಟ್ಟಿದ್ದಾರೆ.