ಅಂಕಪಟ್ಟಿಯನ್ನು ಮತ್ತೊಮ್ಮೆ ಓದುವ ಕಲೆ

ಜರ್ಮನಿಗೆ ಎಂ.ಎಸ್. ಓದಲು ಹೊರಟವರ ಮನೆಯಲ್ಲಿ ಐಇಎಲ್‌ಟಿಎಸ್, ಬ್ಯಾಂಕ್ ಸಾಲ, ವೀಸಾ ಇವುಗಳದೇ ಮಾತು. ಎಲ್ಲವೂ ಬೇಕಾದವೇ. ಆದರೆ ಇವಕ್ಕೆಲ್ಲ ಮುಂಚೆ ಕೂತು ಮಾಡಬೇಕಾದ ಒಂದು ಕೆಲಸದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ತಾನು ಓದಿ ಮುಗಿಸಿದ ಬಿ.ಇ.ಯನ್ನು, ಭಾರತದ ಕಾಲೇಜನ್ನು ಕಣ್ಣಿಂದಲೂ ಕಾಣದ ಪ್ರೊಫೆಸರ್ ಒಬ್ಬರು ಹೇಗೆ ಓದಿಯಾರು ಎಂದು ಊಹಿಸಿ ಮತ್ತೊಮ್ಮೆ ಓದುವ ಕೆಲಸ ಅದು. ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟದೆ ಇದನ್ನು ತಾವೇ ಮಾಡಿಕೊಳ್ಳುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಗೌರವ.

ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದಾಚೆಯವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಹಾಕುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಉಳಿದ ಕಡೆ ಹೆಚ್ಚಾಗಿ ಹಳೆಯ ಪದ್ಧತಿಯೇ ಇದೆ. 2023–24ರ ಚಳಿಗಾಲದ ಸೆಮಿಸ್ಟರ್ ಹೊತ್ತಿಗೆ ಅಲ್ಲಿ ಭಾರತದ ವಿದ್ಯಾರ್ಥಿಗಳ ಸಂಖ್ಯೆ 49 ಸಾವಿರ ದಾಟಿತ್ತು. ಹೊರದೇಶದವರಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಗುಂಪು. ಇಷ್ಟು ಅರ್ಜಿಗಳ ನಡುವೆ ಆಯ್ಕೆ ಮಾಡುವವರು ಸಿಜಿಪಿಎ ನೋಡಿ ಸುಮ್ಮನಾಗುವುದಿಲ್ಲ. ಗಣ, ನಾಡಿ, ರಾಶಿ ಎಂದು ಒಂದೊಂದನ್ನೇ ಕೂಡಿಸಿ ನೋಡುವ ಜೋಯಿಸರ ಹಾಗೆ, ಗಣಿತ ಇಷ್ಟಿರಬೇಕು, ಪ್ರೋಗ್ರಾಮಿಂಗ್ ಇಷ್ಟಿರಬೇಕು, ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನ ಇಷ್ಟಿರಬೇಕು ಎಂದು ಲೆಕ್ಕ ಹಾಕುತ್ತಾರೆ.

ಆ ಲೆಕ್ಕದ ನಾಣ್ಯ ಇಸಿಟಿಎಸ್ ಎಂಬ ಯುರೋಪಿನ ಕ್ರೆಡಿಟ್. ಒಂದು ವರ್ಷದ ಪೂರ್ಣಾವಧಿ ಓದಿಗೆ 60, ನಾಲ್ಕು ವರ್ಷಕ್ಕೆ 240. ತರಗತಿಯ ಗಂಟೆಗಳಷ್ಟೇ ಅಲ್ಲ, ಮನೆಯಲ್ಲಿ ಓದಿದ್ದು, ಪರೀಕ್ಷೆಗೆ ತಯಾರಾದದ್ದು ಎಲ್ಲ ಸೇರಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮ್‌ನಲ್ಲಿ ಇಡೀ ಬಿ.ಇ.ಗೆ 175 ಕ್ರೆಡಿಟ್. ಕಂಪ್ಯೂಟರ್ ಸೈನ್ಸ್ ಹುಡುಗಿಯೊಬ್ಬಳು ಆ ಸ್ಕೀಮ್‌ನಲ್ಲಿ ಓದಿದವಳು ಎಂದಿಟ್ಟುಕೊಳ್ಳೋಣ. ಅವಳ ಗಣಿತದ ಪತ್ರಿಕೆಗಳಲ್ಲಿ ಎಂ-1, ಎಂ-2 ತಲಾ ನಾಲ್ಕು ಕ್ರೆಡಿಟ್. ಎಂ-3, ಎಂ-4 ತಲಾ ಮೂರು. ಕೂಡಿದರೆ 14. ಇದನ್ನು 240ರಿಂದ ಗುಣಿಸಿ 175ರಿಂದ ಭಾಗಿಸಿದರೆ 19.2. ಅವಳು ಕಣ್ಣಿಟ್ಟ ಕೋರ್ಸ್ ಗಣಿತಕ್ಕೆ 20 ಕೇಳುತ್ತದೆ ಎನ್ನಿ. ಮುಕ್ಕಾಲು ಪಾಲು ಜನ ಇಲ್ಲೇ ಕೈಚೆಲ್ಲಿ ಪುಟ ಮುಚ್ಚುತ್ತಾರೆ.

ಪಳಗಿದವರು ಮುಚ್ಚುವುದಿಲ್ಲ, ಸಿಲಬಸ್ ಬಿಚ್ಚುತ್ತಾರೆ. ಮೂರನೇ ಸೆಮ್‌ನಲ್ಲಿ ಡಿಸ್ಕ್ರೀಟ್ ಮ್ಯಾಥಮ್ಯಾಟಿಕಲ್ ಸ್ಟ್ರಕ್ಚರ್ಸ್ ಇತ್ತಲ್ಲ? ಅದರ ಕೋಡ್ ಗಣಿತ ವಿಭಾಗದ್ದಲ್ಲ, ಕಂಪ್ಯೂಟರ್ ಸೈನ್ಸಿನದು; ಪಾಠ ಮಾಡಿದವರೂ ಕಂಪ್ಯೂಟರ್ ವಿಭಾಗದವರೇ. ಆದರೆ ಒಳಗಿರುವುದು ತರ್ಕ, ಗಣಗಳು, ಸಂಬಂಧಗಳು, ಗ್ರಾಫ್‌ಗಳು, ಅಂದರೆ ಅಪ್ಪಟ ಗಣಿತ. ಅದರ ಮೂರು ಕ್ರೆಡಿಟ್ ಸೇರಿಸಿದರೆ ಮೊತ್ತ 23 ದಾಟುತ್ತದೆ. ಹಾಗೆಯೇ ಐದನೇ ಸೆಮ್‌ನ ಆಟೊಮೇಟಾ ಥಿಯರಿ, ಎಷ್ಟೋ ಜನ ಪಾಸಾದರೆ ಸಾಕೆಂದು ದಾಟಿಕೊಂಡ ವಿಷಯ, ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ಖಾನೆಯಲ್ಲಿ ಹೋಗಿ ಕೂರುತ್ತದೆ. ಅಂತಿಮ ಪರಿವರ್ತನೆ ಆ ವಿಶ್ವವಿದ್ಯಾಲಯದ್ದೇ, ಒಂದೊಂದು ಕಡೆ ಒಂದೊಂದು ರೀತಿ. ಆದರೂ ಯಾವ ವಿಷಯ ಯಾವ ಖಾನೆಗೆ, ಯಾಕೆ, ಎಂದು ಮೊದಲು ತೋರಿಸಿಕೊಡುವ ಅವಕಾಶ ಅರ್ಜಿದಾರಳದು.

ಇನ್ನೊಂದು ಸೂಕ್ಷ್ಮವೂ ಇದೆ. ಹಳೆಯ ಸ್ಕೀಮ್‌ಗಳ ಅಂಕಪಟ್ಟಿಯಲ್ಲಿ 'ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್-4' ಎಂದಷ್ಟೇ ಇರುತ್ತಿತ್ತು. ಅದರೊಳಗೆ ಸಂಭವನೀಯತೆ ಇದೆಯೋ ಇಲ್ಲವೋ, ಓದುವವರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಕೈ ಕುದುರಿದವರು ಒಂದು ಕೋಷ್ಟಕ ಮಾಡುತ್ತಾರೆ. ಎಡಕ್ಕೆ ಆ ಕೋರ್ಸ್ ತನ್ನ ಮಾಡ್ಯೂಲ್ ಹ್ಯಾಂಡ್‌ಬುಕ್‌ನಲ್ಲಿ ಕೇಳುವುದು, ಬಲಕ್ಕೆ ತಾನು ಓದಿದ್ದು, ಅದರ ಪಕ್ಕದಲ್ಲಿ ಎರಡು ಮೂರು ಸಾಲಿನ ವಿವರಣೆ, ಓದಿದ ಪಠ್ಯಪುಸ್ತಕದ ಹೆಸರು. ವಿವರಣೆ ಸಿಲಬಸ್‌ಗೆ ನಿಷ್ಠವಾಗಿರಬೇಕು. ಓದದ್ದನ್ನು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸಿಲಬಸ್ ಪ್ರತಿಯನ್ನೂ ಕೇಳುವ ಕಡೆ ಆ ಜಾಣತನ ಒಂದು ನಿಮಿಷ ನಿಲ್ಲುವುದಿಲ್ಲ.

ಅಂಕಗಳ ಪರಿವರ್ತನೆಯಲ್ಲೂ ಕಣ್ಣು ತಪ್ಪುವ ಜಾಗವೊಂದಿದೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಎಂದರೆ ಬರೀ ಪಾಸು. ನಮ್ಮ ಅಂಕವನ್ನು ಈ ಅಳತೆಗೆ ತರುವ ಲೆಕ್ಕಕ್ಕೆ ಬವೇರಿಯಾದ ಸೂತ್ರ ಎಂದು ಹೆಸರು: ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆದು, ಅದನ್ನು ಗರಿಷ್ಠದಿಂದ ಪಾಸಿನ ಅಂಕ ಕಳೆದದ್ದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸುವುದು. ಹತ್ತಕ್ಕೆ ಎಂಟು ಬಂದವರಿಗೆ ಪಾಸಿನ ಅಂಕ ನಾಲ್ಕಾದರೆ 2.0, ಐದಾದರೆ 2.2. ಅದೇ ಓದು, ಅದೇ ಅಂಕ, ಆದರೆ ಕೆಲವು ಕೋರ್ಸ್‌ಗಳ ಬಾಗಿಲು ಈ ಎರಡರ ನಡುವೆಯೇ ಮುಚ್ಚಿಕೊಳ್ಳುತ್ತದೆ. ಪಾಸಿನ ಅಂಕ ಯಾವುದೆಂದು ವಿಶ್ವವಿದ್ಯಾಲಯದ ಕಾಗದದಲ್ಲೇ ಸ್ಪಷ್ಟವಾಗಿದ್ದರೆ ಒಳ್ಳೆಯದು.

ಮಿಕ್ಕದ್ದು ತಾಳ್ಮೆಯ ಕೆಲಸ. 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಮ್ಮ ಪದವಿ ನಿಜವಾದದ್ದೇ ಎಂದು ದೆಹಲಿಯಲ್ಲಿ ಪರಿಶೀಲಿಸಿ ಕೊಡುವ ಪತ್ರ ಅದು. ಖರ್ಚಿಗಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕಾದ ಹಣ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ, ತಿಂಗಳಿಗೆ ಕೈಗೆ ಬರುವುದು 992. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುವುದರಿಂದ ಹಿಂದಿನ ವರ್ಷದ ದಸರೆ ಹೊತ್ತಿಗೆ ಕಡತ ತೆರೆದವರು ನಿರಾಳ.

ಆ ಕೋಷ್ಟಕದ ದೊಡ್ಡ ಲಾಭ ಕಾಣುವುದು ಮೋಟಿವೇಶನ್ ಲೆಟರ್ ಬರೆಯುವಾಗ. ಅದಿಲ್ಲದವರ ಪತ್ರ 'ಚಿಕ್ಕಂದಿನಿಂದ ನನಗೆ ಕಂಪ್ಯೂಟರ್ ಎಂದರೆ ಪ್ರಾಣ' ಎಂದು ಶುರುವಾಗುತ್ತದೆ, ಪಾಪ, ಬೇರೆ ಹೇಳಲು ಏನೂ ಇರುವುದಿಲ್ಲ. ಇದ್ದವರು ನೇರ ವಿಷಯಕ್ಕೆ ಬರುತ್ತಾರೆ: ನನ್ನ ಬಿ.ಇ.ಯಲ್ಲಿ ಇಷ್ಟು ಕಲಿತೆ, ಇಲ್ಲಿಗೆ ಬಂದು ನಿಂತೆ, ನಿಮ್ಮ ಎರಡನೇ ಸೆಮಿಸ್ಟರ್‌ನ ಈ ಮಾಡ್ಯೂಲ್ ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಶಿಫಾರಸು ಪತ್ರಕ್ಕೆ ಮೇಷ್ಟ್ರ ಬಳಿ ಹೋಗುವಾಗಲೂ ಅದೇ ಹಾಳೆ ಕೈಯಲ್ಲಿರುತ್ತದೆ. ನೂರಾರು ಹುಡುಗರಿಗೆ ಪಾಠ ಹೇಳಿದ ಮೇಷ್ಟ್ರು 'ಒಳ್ಳೆಯ ವಿದ್ಯಾರ್ಥಿ, ಶಿಸ್ತಿನವಳು' ಎಂದು ಬರೆದು ಮುಗಿಸುವ ಬದಲು, ಡೇಟಾಬೇಸ್ ಲ್ಯಾಬಿನ ಮಿನಿ ಪ್ರಾಜೆಕ್ಟ್‌ನಲ್ಲಿ ಇವಳು ಏನು ಮಾಡಿದಳು, ಎಲ್ಲಿ ತಡವರಿಸಿದಳು, ಕೊನೆಗೆ ಹೇಗೆ ಸರಿಪಡಿಸಿದಳು ಎಂದು ನೆನಪಿಸಿಕೊಂಡು ಬರೆಯುತ್ತಾರೆ.