ಇಸಬ್ಗೋಲ್ ತಗೊಳ್ಳಿ, ಆದರೆ ನೀರಿಲ್ಲದೆ ಬೇಡ

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿರುವ ನಮ್ಮ ಕನ್ನಡ ಬಂಧುಗಳಿಗೆ ಈ ಸಲದ ವಿಷಯ: ಮಲಬದ್ಧತೆ ಮತ್ತು ಇಸಬ್ಗೋಲ್.

ಊರಲ್ಲಿದ್ದಾಗ ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು ಇದ್ದವು. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ಫಾಫ್ಡಾ, ಸಂಜೆ ಗಾಂಠಿಯಾ, ನಡುವೆ ನಾಲ್ಕು ಸಲ ಚಹಾ. ಜೊತೆಗೆ 42 ಡಿಗ್ರಿ ಬಿಸಿಲು. ಹೊಟ್ಟೆ ಕಟ್ಟಿಕೊಳ್ಳದೆ ಇನ್ನೇನಾದೀತು? ಆಗ ಪಕ್ಕದ ಮನೆಯವರು ಇಸಬ್ಗೋಲ್ ತಗೊಳ್ಳಿ ಅನ್ನುತ್ತಾರೆ. ಸಲಹೆ ಒಳ್ಳೆಯದೇ. ಅದು ಈ ನೆಲದ್ದೇ ಬೆಳೆ. ಅಹಮದಾಬಾದಿನಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದ ಊಂಝಾ ಮಾರುಕಟ್ಟೆ ಜೀರಿಗೆಯಷ್ಟೇ ಇಸಬ್ಗೋಲಿಗೂ ಹೆಸರುವಾಸಿ. ಗುಜರಾತಿಯಲ್ಲಿ ಇದಕ್ಕೆ ‘ಘೋಡಾಜೀರು’ ಎಂದೂ ಹೆಸರು. ಅಂಗಡಿಯಲ್ಲಿ ‘ಸತ್ ಇಸಬ್ಗೋಲ್’ ಎಂದು ಕೇಳಿ, ಬೀಜದ ಮೇಲಿನ ಬಿಳಿ ಹೊಟ್ಟು ಕೊಡುತ್ತಾರೆ.

ಕಾಮಕಸ್ತೂರಿ ಬೀಜ ನೀರಲ್ಲಿ ಉಬ್ಬುವುದನ್ನು ನೋಡಿದ್ದೀರಲ್ಲ, ಇದೂ ಹಾಗೆಯೇ. ನೀರು ಹೀರಿ ಲೋಳೆಯಾಗಿ ಮಲವನ್ನು ಮೆತ್ತಗೆ ಮಾಡುತ್ತದೆ. ಅಂದರೆ ಕೆಲಸ ಮಾಡುವುದು ಹೊಟ್ಟು ಮತ್ತು ನೀರು ಎರಡೂ ಸೇರಿ. ನೀರು ಕಡಿಮೆಯಾದರೆ ಅದೇ ಲೋಳೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕರುಳಲ್ಲಿ ಗಟ್ಟಿಯಾಗಿ ದಾರಿಯನ್ನೇ ಮುಚ್ಚಬಹುದು. ಊರಿಂದ ಬಂದ ಅಪ್ಪ-ಅಮ್ಮ ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದು ಮಲಗುವುದುಂಟು. ಅದನ್ನು ದಯವಿಟ್ಟು ತಪ್ಪಿಸಿ.

ಮೊದಲ ಕೆಲವು ದಿನ ಒಂದೇ ಚಹಾ ಚಮಚ ಸಾಕು. ದೊಡ್ಡ ಲೋಟ ತುಂಬಾ ನೀರಿಗೆ (ಸುಮಾರು 250 ಮಿ.ಲೀ.) ಹಾಕಿ, ಕಲಕಿದ ತಕ್ಷಣ, ಗಟ್ಟಿಯಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ಕುಡಿದ ಕೂಡಲೇ ಮಲಗಬೇಡಿ. ಒಮ್ಮೆಲೇ ಮೂರು ಚಮಚ ತಗೊಂಡರೆ ಹೊಟ್ಟೆ ಉಬ್ಬರಿಸಿ, ಇದು ನಮಗೆ ಒಗ್ಗಲ್ಲ ಅಂತ ಡಬ್ಬಿ ಮೂಲೆಗೆ ಸೇರುತ್ತದೆ. ಇದು ರಾತ್ರಿ ತಗೊಂಡು ಬೆಳಿಗ್ಗೆ ಓಡಿಸುವ ಸೋನಾಮುಖಿ ಚೂರ್ಣದಂಥದ್ದಲ್ಲ. ಪರಿಣಾಮ ಕಾಣಲು ಎರಡು-ಮೂರು ದಿನ ಬೇಕಾಗಬಹುದು.

ಮಾತ್ರೆ ನುಂಗುವವರು ಕನಿಷ್ಠ 2 ಗಂಟೆ ಅಂತರ ಇಡಿ, ಥೈರಾಯ್ಡ್ ಮಾತ್ರೆಗೆ 4 ಗಂಟೆ. ಇಲ್ಲದಿದ್ದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಯವರು, ನೀರು ಮಿತವಾಗಿ ಕುಡಿಯಿರಿ ಎಂದು ಹೇಳಿಸಿಕೊಂಡಿರುವ ಕಿಡ್ನಿ ಅಥವಾ ಹೃದಯದ ರೋಗಿಗಳು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ನುಂಗಲು ಕಷ್ಟಪಡುವವರಿಗೆ ಇದು ಬೇಡವೇ ಬೇಡ.

ಊಟವನ್ನೂ ಸ್ವಲ್ಪ ಬದಲಿಸಿ. ಜೋಳದ ರೊಟ್ಟಿ ತಟ್ಟಿದ ಕೈಗೆ ಇಲ್ಲಿನ ಸಜ್ಜೆ ರೋಟ್ಲೋ ಏನು ಕಷ್ಟ? ಚಳಿಗಾಲದಲ್ಲಿ ಮೆಂತ್ಯ ಸೊಪ್ಪು, ಸೂರತ್ ಕಡೆಯ ಪಾಪ್ಡಿ ಅವರೆ ಧಾರಾಳ ಸಿಗುತ್ತವೆ. ನಮ್ಮ ಹುಳಿಗೆ ಆ ಪಾಪ್ಡಿ ಬಲು ಚೆನ್ನ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವಿದ್ದರೆ ಇಸಬ್ಗೋಲ್ ಕುಡಿಯುತ್ತಾ ದಿನ ತಳ್ಳಬೇಡಿ, ವೈದ್ಯರಿಗೆ ತೋರಿಸಿ. ಜೋರು ಹೊಟ್ಟೆನೋವು, ವಾಂತಿ, ಗಾಳಿಯೂ ಹೋಗದಂತೆ ಹೊಟ್ಟೆ ಬಿಗಿದಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿದರೆ ಗುಜರಾತಿನಲ್ಲೂ ಆಂಬುಲೆನ್ಸ್ ಬರುತ್ತದೆ.