ಶರಾವತಿ ಕಣಿವೆ: ಆಸ್ತಿ ಯಾವುದು, ಆದಾಯ ಯಾವುದು?

ರಾಜ್ಯದ ಕೈಗಾರಿಕೆಗಳಿಗೆ ದಶಕಗಳಿಂದ ಅಗ್ಗದ ವಿದ್ಯುತ್ ಒದಗಿಸಿದ ಮೂಲಗಳಲ್ಲಿ ಶರಾವತಿ ಪ್ರಮುಖವಾದುದು. ಘಟ್ಟಪ್ರದೇಶದಲ್ಲಿ ಈ ನದಿಯ ನೀರನ್ನು ಹಿಡಿದಿಟ್ಟಿರುವ ಕೃತಕ ಜಲಾಶಯಗಳ ಸುತ್ತ ಸಂರಕ್ಷಿತ ಅರಣ್ಯವಿದೆ. 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ಸುಮಾರು 930 ಚ.ಕಿ.ಮೀ.ಗೆ ವಿಸ್ತರಿಸಿ, ಸಿಂಗಳೀಕ ಅಭಯಾರಣ್ಯವೆಂದು ಹೆಸರಿಸಲಾಯಿತು.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಸಾಮರ್ಥ್ಯ ಸುಮಾರು 151 ಟಿಎಂಸಿ. ಅಲ್ಲಿಂದ ಹೊರಟ ನೀರು ಮೂರು ಕಡೆ ದುಡಿಯುತ್ತದೆ: ಅಣೆಕಟ್ಟಿನ ಬುಡದ 55 ಮೆಗಾವ್ಯಾಟ್ ಘಟಕದಲ್ಲಿ, ತಳಕಳಲೆಯ ಮೂಲಕ ಹರಿದು 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರದಲ್ಲಿ, ಕೊನೆಗೆ 240 ಮೆಗಾವ್ಯಾಟ್‌ನ ಗೇರುಸೊಪ್ಪೆಯಲ್ಲಿ.

ಲೆಕ್ಕಶಾಸ್ತ್ರದ ಭಾಷೆಯಲ್ಲಿ ವಿದ್ಯುತ್ತು ಆದಾಯ, ಅರಣ್ಯವೇ ಬಂಡವಾಳ. ಮಳೆನೀರನ್ನು ಇಂಗಿಸಿಕೊಂಡು ಹಳ್ಳಗಳಿಗೆ ನಿಧಾನವಾಗಿ ಬಿಡುವುದೂ, ಮಣ್ಣು ಕೊಚ್ಚಿಹೋಗದಂತೆ ತಡೆಯುವುದೂ ಕಾಡೇ. ಹೂಳು ತುಂಬಿದಷ್ಟೂ ಜಲಾಶಯದ ಸಾಮರ್ಥ್ಯ ಕುಗ್ಗುತ್ತದೆ. ಇದು ಲಾಭನಷ್ಟದ ಪಟ್ಟಿಯಲ್ಲಿ ಕಾಣದ ಸವಕಳಿ.

ಈ ಹಿನ್ನೆಲೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ರೂಪಿಸಿರುವ 2,000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಪರಿಶೀಲಿಸಬೇಕು. ಬೇಡಿಕೆ ಕಡಿಮೆಯಿರುವಾಗ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು ಇದರ ಕ್ರಮ. ಸಾಮಾನ್ಯವಾಗಿ ಇಂತಹ ಯೋಜನೆಗಳಲ್ಲಿ 100 ಯೂನಿಟ್ ವ್ಯಯಿಸಿದರೆ ಮರಳಿ ದೊರೆಯುವುದು 75ರಿಂದ 80. ಅಂದರೆ ಇದು ಕಾರ್ಖಾನೆಯಲ್ಲ, ಉಗ್ರಾಣ. ಸರಕು ಅಗ್ಗವಿದ್ದಾಗ ದಾಸ್ತಾನು ಮಾಡಿ, ಬೆಲೆ ಏರಿದಾಗ ಮಾರುವ ವರ್ತಕರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಸೌರವಿದ್ಯುತ್ ಹೆಚ್ಚುತ್ತಿರುವ ಕಾಲದಲ್ಲಿ ಸಂಜೆಯ ಬೇಡಿಕೆಗೆ ಇಂತಹ ದಾಸ್ತಾನು ಅಗತ್ಯವೆಂಬುದೂ ನಿಜ.

ಆದರೆ ಉಗ್ರಾಣದ ನಿವೇಶನ ಯಾವುದೆಂಬುದು ಮುಖ್ಯ. ಹೊಸ ಅಣೆಕಟ್ಟು ಬೇಡವಾದರೂ ಸುರಂಗ, ಭೂಗತ ವಿದ್ಯುದಾಗಾರ, ರಸ್ತೆಗಳಿಗಾಗಿ ಅಭಯಾರಣ್ಯದೊಳಗೆ ಕಾಮಗಾರಿ ನಡೆಯಬೇಕಾಗುತ್ತದೆ. ಸಿಂಗಳೀಕಗಳು ಮರದಿಂದ ಮರಕ್ಕೆ ಸಾಗುವ ಪ್ರಾಣಿಗಳು. ಮರಗಳ ಸಾಲು ತುಂಡಾದರೆ ಅವುಗಳ ದಾರಿಯೂ ತುಂಡಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮು ಅನುಮತಿಯಿಲ್ಲದೆ ಅಭಯಾರಣ್ಯದ ಆವಾಸವನ್ನು ನಾಶಪಡಿಸುವುದನ್ನೂ ನೀರಿನ ಹರಿವನ್ನು ತಿರುಗಿಸುವುದನ್ನೂ ನಿಷೇಧಿಸುತ್ತದೆ. ಆ ಅನುಮತಿಗೂ ವನ್ಯಜೀವಿಗಳ ಹಿತವೇ ಆಧಾರವಾಗಿರಬೇಕು.

ಇಂತಹ ಯೋಜನೆಗಳ ವೆಚ್ಚ ಕಡೆಗೆ ವಿದ್ಯುತ್ ದರದಲ್ಲಿ ಸೇರುತ್ತದೆ; ಅದನ್ನು ತೆರುವವರಲ್ಲಿ ಸಣ್ಣ ಉದ್ದಿಮೆದಾರರೂ ಇದ್ದಾರೆ. ಆದುದರಿಂದ ಅಭಯಾರಣ್ಯದ ಹೊರಗಿನ ತಾಣಗಳು ಹಾಗೂ ಬ್ಯಾಟರಿ ಸಂಗ್ರಹಣೆಯ ವೆಚ್ಚದೊಡನೆ, ಕಳೆದುಕೊಳ್ಳುವ ಕಾಡಿನ ಮೌಲ್ಯವನ್ನೂ ಸೇರಿಸಿ ತುಲನಾತ್ಮಕ ಲೆಕ್ಕ ಕೇಳುವುದು ಅವರ ಹಕ್ಕು. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಡೆಸುವ ಸಾರ್ವಜನಿಕ ವಿಚಾರಣೆಗಳು ಇದನ್ನು ಲಿಖಿತವಾಗಿ ಎತ್ತಲು ಸೂಕ್ತ ವೇದಿಕೆ. ಬಂಡವಾಳವನ್ನು ಕರಗಿಸಿ ಪಡೆದುದನ್ನು ಲಾಭವೆಂದು ಬರೆಯಲು ಯಾವ ಲೆಕ್ಕಪದ್ಧತಿಯೂ ಒಪ್ಪುವುದಿಲ್ಲ.